ಲ್ಯಾಪ್‌ಟಾಪ್ ಹಳೆಯದಾದರೇನು?

ಮಾಲೇಕಲ್ಲು ಸುತ್ತಮುತ್ತ ಮೊಬೈಲ್ ಟವರ್ ಕೈಕೊಟ್ಟರೆ ಸುದ್ದಿ ಮುಟ್ಟಿಸುವುದು ಹೇಗೆ? ಪರವಾನಗಿ ಪಡೆದವರು ಹ್ಯಾಮ್ ರೇಡಿಯೊಗೆ ಕಂಪ್ಯೂಟರ್ ಜೋಡಿಸಿ ಬರಹದಲ್ಲೇ ಸಂದೇಶ ಕಳಿಸಬಹುದು. ಆದರೆ ಯಾವ ಸಾಫ್ಟ್‌ವೇರ್?

2017ರಲ್ಲಿ ಬಂದ ಎಫ್‌ಟಿ8 ಈಗ ಬಲು ಜನಪ್ರಿಯ. ತೀರಾ ಕ್ಷೀಣ ಸಿಗ್ನಲ್ಲನ್ನೂ ಅದು ಹಿಡಿಯುತ್ತದೆ, ನಿಜ. ಆದರೆ ನಮ್ಮ ಮಾತು ಒಂದು ಸಲಕ್ಕೆ ಹೋಗುವುದು ಇಂಗ್ಲಿಷಿನ 13 ಅಕ್ಷರ ಮಾತ್ರ. ಊರು, ಕಷ್ಟ, ಬೇಕಾದ ನೆರವು ಎಲ್ಲ ಹೇಳಲು ಸಾಲದು.

ಅದಕ್ಕೆ ಎಫ್‌ಎಲ್‌ಡಿಜಿ ಮೇಲು ಎಂಬುದು ನನ್ನ ಅಭಿಪ್ರಾಯ. ಉದ್ದದ ಸಂದೇಶವನ್ನೂ ಕಳಿಸುತ್ತದೆ, ಉಚಿತ; ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಂತ ಹಳೇ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ. ಲಿನಕ್ಸ್ ಹಾಕಿಸಿ, ಇವತ್ತೇ ಕಲಿಯಿರಿ. ಕಷ್ಟ ಬಂದ ದಿನ ಕಲಿಯಲು ಪುರುಸೊತ್ತು ಸಿಗದು.