ದೀಕ್ಷಾಸ್ನಾನ: ಮಗುವಿಗೋ, ಬೆಳೆದವರಿಗೋ?

1527ರ ಜನವರಿ 5ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಫೆಲಿಕ್ಸ್ ಮಾಂಜ್ ಎಂಬಾತನನ್ನು ಕಟ್ಟಿ, ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಶಿಶುವಾಗಿದ್ದಾಗಲೇ ದೀಕ್ಷಾಸ್ನಾನ ಆಗಿದ್ದವರಿಗೆ ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಕೊಡುವ ಪಂಥವನ್ನು ಅವನು ಮುನ್ನಡೆಸಿದ್ದ. ಕೊಲ್ಲಿಸಿದ್ದು ರೋಮಿನ ಪೋಪ್ ಅಲ್ಲ. ಪೋಪರಿಂದ ಆಗತಾನೇ ಬಿಡಿಸಿಕೊಂಡಿದ್ದ ಸುಧಾರಣಾವಾದಿ ನಗರಸಭೆ. ಹೊರಗಿನವರ ಕಣ್ಣಿಗೆ ನಾಮಕರಣದ ಹಾಗೆ ಕಾಣುವ ಕ್ರೈಸ್ತರ ಈ ವಿಧಿಯಲ್ಲಿ ಜೀವ ತೆಗೆಯುವಂಥದ್ದು ಏನಿತ್ತು?

ಯೊರ್ದನ್ ನದಿಯಲ್ಲಿ ಸ್ನಾನಿಕ ಯೋಹಾನ ಜನರನ್ನು ಮುಳುಗಿಸುತ್ತಿದ್ದದ್ದು ಪಶ್ಚಾತ್ತಾಪದ ಗುರುತಾಗಿ. ಯೇಸುವೂ ಅವನಿಂದಲೇ ಸ್ನಾನ ಪಡೆದರು. ಆಮೇಲೆ ಬಂದ ಅಪೊಸ್ತಲ ಪೌಲ ಅದಕ್ಕೆ ಇನ್ನೂ ಆಳದ ಅರ್ಥ ಕೊಟ್ಟ: ನೀರಿಗಿಳಿಯುವವನು ಕ್ರಿಸ್ತನೊಡನೆ ಸಾಯುತ್ತಾನೆ, ಅವನೊಡನೆಯೇ ಹೊಸ ಬದುಕಿಗೆ ಏಳುತ್ತಾನೆ. ಅಂದರೆ ಇದು ಕೊಳೆ ತೊಳೆಯುವುದಷ್ಟೇ ಅಲ್ಲ, ಸಾವು ಮತ್ತು ಹುಟ್ಟು. ಕ್ರೈಸ್ತ ಸಭೆಯೊಳಗೆ ಬರುವ ಬಾಗಿಲೂ ಇದೇ. ದೀಕ್ಷಾಸ್ನಾನವೆಂದರೆ ಅನ್ಯಧರ್ಮೀಯರನ್ನು ಸೇರಿಸಿಕೊಳ್ಳುವ ಕ್ರಮ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ಪಾದ್ರಿಯ ಮನೆಯಲ್ಲಿ ಹುಟ್ಟಿದ ಮಗುವಿಗೂ ಅದು ಆಗಲೇಬೇಕು.

ನೀರು ಎಷ್ಟಿರಬೇಕೆಂಬ ವಿಚಾರದಲ್ಲಿ ಆದಿ ಸಭೆ ಹಟ ಹಿಡಿದಂತಿಲ್ಲ. ‘ದಿದಖೆ’ ಎಂಬ ಬಹು ಹಳೆಯ ಕೈಪಿಡಿ ಹರಿಯುವ ನೀರನ್ನು ಬಯಸುತ್ತದೆ. ಯಾವ ನೀರೂ ಸಾಕಷ್ಟು ಸಿಗದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದರೂ ಆಯಿತು ಎನ್ನುತ್ತದೆ. ಇಂದಿಗೂ ಕಥೋಲಿಕರು ಸಾಮಾನ್ಯವಾಗಿ ಸುರಿಯುತ್ತಾರೆ, ಆರ್ಥೊಡಾಕ್ಸ್ ಸಭೆಯವರು ಎಳೆಮಗುವನ್ನೂ ಮೂರು ಬಾರಿ ಮುಳುಗಿಸುತ್ತಾರೆ, ಬ್ಯಾಪ್ಟಿಸ್ಟರಿಗೂ ಪೆಂತೆಕೊಸ್ತರಿಗೂ ಪೂರ್ತಿ ಮುಳುಗಿದರೇ ಸ್ನಾನ.

ನಿಜವಾದ ಜಗಳ ಇರುವುದು ಬೇರೆಡೆ. ದೀಕ್ಷಾಸ್ನಾನದಲ್ಲಿ ಮೊದಲ ಹೆಜ್ಜೆ ಯಾರದು? ದೇವರದು ಎನ್ನುವವರು ಮಗುವನ್ನು ಧಾರಾಳವಾಗಿ ಎತ್ತಿ ತರುತ್ತಾರೆ. ಕೃಪೆ ಎಂಬುದು ನಾವು ಕೇಳುವ ಮೊದಲೇ ಬರುವಂಥದ್ದು, ತಾಯಿಯ ಹಾಲಿಗೆ ಮಗು ಅರ್ಜಿ ಹಾಕುವುದಿಲ್ಲವಲ್ಲ! ಎಳೆಗೂಸಿಗೂ ಆದಿಪಾಪದ ಅಂಟು ಇದೆಯೆಂದು ದೇವಶಾಸ್ತ್ರಜ್ಞ ಅಗಸ್ಟೀನ್ ಹೇಳಿದ ಮೇಲೆ ಪಶ್ಚಿಮದಲ್ಲಿ ಈ ರೂಢಿ ಗಟ್ಟಿಯಾಯಿತು. ಮಗುವಿನ ಪರವಾಗಿ ಹಿರಿಯರು ಮಾತು ಕೊಡುತ್ತಾರೆ. ಬೆಳೆದ ಮೇಲೆ ದೃಢೀಕರಣವೆಂಬ ವಿಧಿಯ ಹೊತ್ತಿಗೆ ಅದನ್ನು ತನ್ನದಾಗಿಸಿಕೊಳ್ಳುವುದು ಅದರ ಪಾಲಿನ ಕೆಲಸ. ನಂಬಿಕೆಯೇ ಮೊದಲು ಎನ್ನುವವರಿಗೆ ಇದು ಒಪ್ಪಿಗೆಯಾಗದು: ಹೊಸ ಒಡಂಬಡಿಕೆಯಲ್ಲಿ ಪಶ್ಚಾತ್ತಾಪ ಮುಂದೆ, ನೀರು ಹಿಂದೆ. ಇನ್ನೊಬ್ಬರ ಬಾಯಿಯಿಂದ ಯಾರಾದರೂ ಪಶ್ಚಾತ್ತಾಪ ಪಡಲು ಸಾಧ್ಯವೇ?

ಎರಡು ವಾದಕ್ಕೂ ತೂಕವಿದೆ. ಆದರೆ ಜ್ಯೂರಿಕ್ ನಗರಸಭೆ ಹೆದರಿದ್ದು ಬರೀ ದೇವಶಾಸ್ತ್ರಕ್ಕಲ್ಲ ಎಂದೇ ನನಗನ್ನಿಸುತ್ತದೆ. ಅಂದಿನ ಊರಿನಲ್ಲಿ ಹುಟ್ಟಿದವರೆಲ್ಲ ಸಭೆಯವರು, ಸಭೆಯವರೆಲ್ಲ ಪ್ರಜೆಗಳು. ಸಭೆಗೆ ಸೇರುವುದು ಒಬ್ಬೊಬ್ಬರ ಸ್ವಂತ ತೀರ್ಮಾನವೆಂದು ಒಪ್ಪಿಬಿಟ್ಟರೆ ಆ ಕಟ್ಟು ಸಡಿಲವಾಗುತ್ತಿತ್ತು. ನೀರಿನ ವಿಚಾರದಲ್ಲಿ ತಪ್ಪಿದವನಿಗೆ ನೀರಿನಲ್ಲೇ ಸಾವು ಎಂಬ ಶಿಕ್ಷೆಯ ವ್ಯಂಗ್ಯ ಅಸಹ್ಯವಾದದ್ದು.

ಇಷ್ಟು ಜಗಳದ ನಡುವೆಯೂ ಒಂದು ಮಾತನ್ನು ಬಹುತೇಕ ಸಭೆಗಳು ಒಪ್ಪುತ್ತವೆ: ದೀಕ್ಷಾಸ್ನಾನ ಬಾಳಿಗೊಂದೇ ಸಲ. ಕೊಟ್ಟವನು ಪಾಪಿಯಾಗಿದ್ದರೂ ಅದು ಕೆಡದು ಎಂದು ಅಗಸ್ಟೀನ್, ಅದು ಕೆಡುತ್ತದೆ ಎನ್ನುತ್ತಿದ್ದ ದೊನಾತಿಸ್ಟ್ ಪಂಥದವರ ವಿರುದ್ಧ ವಾದಿಸಿದ್ದ. ಕಥೋಲಿಕ ಸಭೆಯಂತೂ ಸಾಯುವ ಸ್ಥಿತಿಯಲ್ಲಿರುವ ಮಗುವಿಗೆ ಯಾರು ಬೇಕಾದರೂ, ಕ್ರೈಸ್ತರಲ್ಲದ ದಾದಿ ಕೂಡ, ಸಭೆಯ ಉದ್ದೇಶದಿಂದಲೇ ನೀರು ಹಾಕಿ ತ್ರಯೇಕ ದೇವರ ಹೆಸರು ಹೇಳಿದರೆ ಸಿಂಧು ಎನ್ನುತ್ತದೆ. 1982ರಲ್ಲಿ ಪೆರುವಿನ ಲಿಮಾದಲ್ಲಿ ಹಲವು ಸಭೆಗಳ ಪ್ರತಿನಿಧಿಗಳು ಸೇರಿ ರೂಪಿಸಿದ ಹೇಳಿಕೆಯೂ ಮರುಸ್ನಾನ ಸಲ್ಲದು ಎಂದಿತು.

ಆದರೆ ಶಿಶುಸ್ನಾನವನ್ನು ಸ್ನಾನವೆಂದೇ ಎಣಿಸದವರಿಗೆ ‘ಮರು’ ಎಂಬ ಮಾತೇ ಹೊಂದುವುದಿಲ್ಲ. ನಮ್ಮ ಊರುಗಳಲ್ಲೂ, ಶಿಶುಸ್ನಾನ ಕೊಡುವ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮನೆಯ ಹುಡುಗಿ ಪೆಂತೆಕೊಸ್ತ್ ಸಭೆಗೆ ಹೋಗಿ ಮುಳುಗಿ ಬಂದಾಗ, ‘ನಾವು ಮಾಡಿಸಿದ್ದು ಸುಳ್ಳಾಯಿತೇ’ ಎಂದು ಹೆತ್ತವರು ನೊಂದುಕೊಳ್ಳುವುದು ಇದರಿಂದಲೇ. ಮಗಳ ಲೆಕ್ಕದಲ್ಲಿ ಅದೇ ಮೊದಲನೆಯದು.