ದಿವಾಳಿ ಅರ್ಜಿ ಸೇಡಿನ ಕತ್ತಿಯಲ್ಲ!

ನಾನು ಬರಹಗಾರನಲ್ಲ. ಪಿಯುಸಿಗೆ ಓದು ನಿಲ್ಲಿಸಿ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಲು ನಿಂತವನು. ಆಮೇಲೆ ನನ್ನದೇ ಒಂದು ಪುಟ್ಟ ಪ್ರೆಸ್ ಮಾಡಿಕೊಂಡೆ. ಇಪ್ಪತ್ತೈದು ವರ್ಷಗಳಿಂದ ನಿಮ್ಮ ಲಗ್ನಪತ್ರಿಕೆ, ನಿಮ್ಮ ಸಂಘದ ಕರಪತ್ರ, ನಿಮ್ಮ ಅಂಗಡಿಯ ಬಿಲ್ ಬುಕ್ ಅಚ್ಚು ಹಾಕಿಕೊಟ್ಟಿದ್ದೇನೆ. ಸಾವಿರಾರು ಮದುವೆಗಳ ಕಾಗದ ನನ್ನ ಮಿಷನ್ನಿನಿಂದ ಹೊರಬಿದ್ದಿದೆ. ನನ್ನ ಮದುವೆ ಮಾತ್ರ ಉಳಿಯಲಿಲ್ಲ.

ಇದನ್ನು ಅಳುವುದಕ್ಕೆ ಬರೆಯುತ್ತಿಲ್ಲ. ಮದುವೆ ಮುರಿದ ಮೇಲೆ ಸಾಲದ ತಲೆಬಿಸಿಯಲ್ಲಿ ನಾನು ಮಾಡಲು ಹೊರಟಿದ್ದ ಒಂದು ಕೆಟ್ಟ ಕೆಲಸವನ್ನು ನೀವು ಮಾಡಬಾರದು ಎಂದು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಎಷ್ಟೋ ಜನ ಮದುವೆಗೆ ಸಾಲ, ಬೈಕಿಗೆ ಸಾಲ, ಫ್ಲ್ಯಾಟಿಗೆ ಗಂಡ ಹೆಂಡತಿ ಇಬ್ಬರ ಸಹಿಯ ಸಾಲ ಮಾಡಿದ್ದೀರಿ. ಓದಿ. ಇವತ್ತಲ್ಲದಿದ್ದರೆ ನಾಳೆ ಬೇಕಾಗುತ್ತದೆ.

2019ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮಿಷನ್ ತಂದೆ. ಬ್ಯಾಂಕ್ ಸಾಲ. ಹೆಂಡತಿಯೂ ಸಹಿ ಹಾಕಿದಳು. ಮರುವರ್ಷವೇ ಲಾಕ್‌ಡೌನ್. ಲಗ್ನಪತ್ರಿಕೆ ವಾಟ್ಸಾಪಿಗೆ ಹೋಯಿತು, ಸಭೆ ಸಮಾರಂಭ ನಿಂತವು. ಆರು ತಿಂಗಳು ಕಂತು ಕಟ್ಟಬೇಡಿ ಎಂದರು. ಬಡ್ಡಿ ಮಾತ್ರ ರಜೆ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ದುಡ್ಡಿಲ್ಲದಾಗ ಮಾತು ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ತಪ್ಪೆಲ್ಲ ಅವಳದೇ ಎಂದು ಹೇಳುವಷ್ಟು ನೀಚ ನಾನಲ್ಲ. 2023ರಲ್ಲಿ ಇಬ್ಬರೂ ಒಪ್ಪಿ ಫ್ಯಾಮಿಲಿ ಕೋರ್ಟಿನಲ್ಲಿ ಬೇರೆಯಾದೆವು. ಮಗಳು ತಾಯಿಯ ಹತ್ತಿರ. ಮಗಳ ಖರ್ಚಿಗೆ ತಿಂಗಳಿಗೆ ಎಂಟು ಸಾವಿರ ನಾನು ಕೊಡಬೇಕು.

ಆಗ ನನ್ನ ತಲೆಯ ಮೇಲಿದ್ದ ಲೆಕ್ಕ ಇದು. ಬ್ಯಾಂಕಿಗೆ 14 ಲಕ್ಷ. ಪೇಪರ್ ಅಂಗಡಿಗೆ 3 ಲಕ್ಷ. ಎತ್ತಿದ ಚೀಟಿಯ ಬಾಕಿ 2 ಲಕ್ಷ. ಕೈಸಾಲ ಎರಡೂವರೆ ಲಕ್ಷ. ಒಟ್ಟು ಇಪ್ಪತ್ತೊಂದೂವರೆ ಲಕ್ಷ. ನನ್ನ ಹೆಸರಿನಲ್ಲಿ ಇದ್ದದ್ದು ಆ ಮಿಷನ್ನು, ಊರ ಕಡೆ ಒಂದು ಸೈಟು.

ಟೀ ಅಂಗಡಿಯಲ್ಲಿ ಒಬ್ಬ ಗೆಳೆಯ ಹೇಳಿದ: 'ಯಾಕಣ್ಣ ಒದ್ದಾಡ್ತೀಯ? ಸೈಟು ತಮ್ಮನ ಹೆಸರಿಗೆ ಬರೆದುಬಿಡು. ಆಮೇಲೆ ಕೋರ್ಟಲ್ಲಿ ಪಾಪರ್ ಅಂತ ಅರ್ಜಿ ಹಾಕು. ಬ್ಯಾಂಕಿಗೂ ನಾಮ, ಅವಳಿಗೂ ನಾಮ!'

ಸುಳ್ಳು ಹೇಳಲಾರೆ. ಒಂದು ವಾರ ಆ ಮಾತು ನನಗೆ ಸಿಹಿಯಾಗಿಯೇ ಕೇಳಿಸಿತು.

ಕಾನೂನು ಏನನ್ನುತ್ತದೆ?

ನನ್ನ ಪ್ರೆಸ್ಸಿನಲ್ಲೇ ಲೆಟರ್‌ಹೆಡ್ ಮಾಡಿಸುವ ಹಿರಿಯ ವಕೀಲರೊಬ್ಬರ ಬಳಿ ಹೋದೆ. ಅವರು ಹೇಳಿದ್ದನ್ನು ಕೇಳಿ ನನ್ನ ಅಮಲು ಇಳಿಯಿತು. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ನಮ್ಮಂಥ ಸಾಮಾನ್ಯರ ದಿವಾಳಿಗೆ ಇವತ್ತಿಗೂ ಇರುವುದು ಬ್ರಿಟಿಷರು 1920ರಲ್ಲಿ ಮಾಡಿದ ಪ್ರಾಂತೀಯ ದಿವಾಳಿ ಕಾಯ್ದೆ. ಸಾಲ 500 ರೂಪಾಯಿ ದಾಟಿದ್ದು ತೀರಿಸಲು ಆಗದಿದ್ದರೆ ಸಾಲಗಾರ ತಾನೇ ಅರ್ಜಿ ಹಾಕಬಹುದು. ಯಾರಿಗೆ ಎಷ್ಟು ಕೊಡಬೇಕು, ತನ್ನ ಬಳಿ ಏನಿದೆ, ಎಲ್ಲಿದೆ ಎಂದು ಪಟ್ಟಿ ಕೊಡಬೇಕು. ಕೋರ್ಟು ದಿವಾಳಿ ಎಂದು ಘೋಷಿಸಿದರೆ ಅದು ಗೆಜೆಟ್ಟಿನಲ್ಲಿ ಬರುತ್ತದೆ. ನಿಮ್ಮ ಆಸ್ತಿ ರಿಸೀವರ್ ಕೈಗೆ ಹೋಗುತ್ತದೆ. ಅವರು ಮಾರಿ ಸಾಲಗಾರರಿಗೆ ಹಂಚುತ್ತಾರೆ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಕುಶಲಕರ್ಮಿಯ ಕೈ ಉಪಕರಣಗಳಂಥವನ್ನು ಬಿಡುತ್ತಾರೆ. ಆಮೇಲೆ ನೀವು ಬಿಡುಗಡೆಗೆ ಮತ್ತೆ ಅರ್ಜಿ ಹಾಕಬೇಕು. ಕೋರ್ಟು ಕೊಟ್ಟ ಅವಧಿಯಲ್ಲಿ ಹಾಕದಿದ್ದರೆ ಘೋಷಣೆಯೇ ರದ್ದು.

ಎರಡನೆಯದು, ಆ ಸೈಟಿನ ಉಪಾಯ. ದಿವಾಳಿಯಾಗುವ ಮೊದಲಿನ ಎರಡು ವರ್ಷದೊಳಗೆ ಪುಕ್ಕಟೆ ಬರೆದುಕೊಟ್ಟ ಆಸ್ತಿಯನ್ನು ಕೋರ್ಟು ರದ್ದು ಮಾಡಿ ಹಿಂದಕ್ಕೆ ಎಳೆಯಬಹುದು. ಅರ್ಜಿಗೆ ಮೂರು ತಿಂಗಳ ಮುಂಚೆ ಬೇಕಾದವನೊಬ್ಬನಿಗೆ ಮಾತ್ರ ಸಾಲ ತೀರಿಸಿ ಉಳಿದವರಿಗೆ ಕೈ ಎತ್ತಿದರೂ ಅದೇ ಗತಿ. ಅಂದರೆ ನಾನು ಜೈಲಿನ ದಾರಿ ಹುಡುಕುತ್ತ, ತಮ್ಮನನ್ನೂ ಕಟಕಟೆಗೆ ಹತ್ತಿಸುತ್ತಿದ್ದೆ!

ಮೂರನೆಯದು, ಜೀವನಾಂಶ. ದಿವಾಳಿಯಿಂದ ಬಿಡುಗಡೆಯಾದರೂ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಆದೇಶವಾದ ಜೀವನಾಂಶ ಮನ್ನಾ ಆಗುವುದಿಲ್ಲ. ಇದನ್ನು 1920ರಲ್ಲೇ ಬರೆದಿಟ್ಟಿದ್ದಾರೆ. 2016ರ ಹೊಸ ದಿವಾಳಿ ಸಂಹಿತೆಯೂ ಯಾವುದೇ ಕಾನೂನಿನ ಜೀವನಾಂಶವನ್ನು ಮನ್ನಾ ಆಗುವ ಸಾಲದಿಂದ ಹೊರಗಿಟ್ಟಿದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಂಡತಿ ಮಕ್ಕಳ ಜೀವನಾಂಶದ ಬಾಕಿಯೇ ಮೊದಲು, ಬ್ಯಾಂಕಿನಂಥ ಸಾಲಗಾರರ ಹಕ್ಕು ಆಮೇಲೆ ಎಂದಿತು. 'ಅವಳಿಗೂ ನಾಮ' ಎಂದವನು ಈಗ ಎಲ್ಲಿದ್ದಾನೋ!

ನಾಲ್ಕನೆಯದು, ಅಡಮಾನ. ಮಿಷನ್ನು ಬ್ಯಾಂಕಿಗೆ ಒತ್ತೆ. ದಿವಾಳಿ ಅರ್ಜಿ ಆ ಹಕ್ಕನ್ನು ಮುಟ್ಟುವುದಿಲ್ಲ. ಬ್ಯಾಂಕು ತನ್ನ ದಾರಿಯಲ್ಲಿ ಮಾರಿಕೊಳ್ಳಬಹುದು. ಚೆಕ್ ಬೌನ್ಸ್ ಕೇಸಿದ್ದರೆ ಅದು ಕ್ರಿಮಿನಲ್. ದಿವಾಳಿ ಎಂದ ಮಾತ್ರಕ್ಕೆ ಬಿದ್ದುಹೋಗದು.

ಐದನೆಯದನ್ನು ಕೇಳಿ ನಾನು ಸುಮ್ಮನೆ ಕುಳಿತುಬಿಟ್ಟೆ.

ಮುಳುಗುವವರು ಯಾರು?

ಡಿವೋರ್ಸ್ ಒಪ್ಪಂದದಲ್ಲಿ 'ಮಿಷನ್ ಸಾಲವನ್ನು ಗಂಡನೇ ತೀರಿಸತಕ್ಕದ್ದು' ಎಂದು ಬರೆದಿತ್ತು. ಹಾಗಾಗಿ ಅವಳಿಗೂ ಆ ಸಾಲಕ್ಕೂ ಸಂಬಂಧ ಮುಗಿಯಿತು ಎಂದು ನಾವಿಬ್ಬರೂ ತಿಳಿದಿದ್ದೆವು. ತಪ್ಪು! ಆ ಒಪ್ಪಂದ ನಮ್ಮಿಬ್ಬರ ನಡುವೆ ಮಾತ್ರ. ಬ್ಯಾಂಕು ಅದಕ್ಕೆ ಸಹಿ ಹಾಕಿಲ್ಲ. ಜಂಟಿಯಾಗಿ ಸಾಲ ತೆಗೆದವರಲ್ಲಿ ಯಾರ ಮೇಲಾದರೂ ಪೂರ್ತಿ ಸಾಲಕ್ಕೆ ಬೀಳುವ ಹಕ್ಕು ಬ್ಯಾಂಕಿಗಿದೆ. 1872ರ ಕರಾರು ಕಾಯ್ದೆಯಿಂದಲೂ ಇದೇ ನಿಯಮ. ನಾನು ದಿವಾಳಿಯಾಗಿ ಬಿಡುಗಡೆ ಪಡೆದರೆ ಬಿಡುಗಡೆ ನನಗೊಬ್ಬನಿಗೇ. ಜೊತೆಗೆ ಸಹಿ ಹಾಕಿದವರಿಗಿಲ್ಲ, ಜಾಮೀನು ನಿಂತವರಿಗಿಲ್ಲ.

ನನ್ನ ಚೀಟಿಗೆ ಜಾಮೀನು ನಿಂತವರು ಯಾರು ಗೊತ್ತೇ? ನಮ್ಮ ಪ್ರೆಸ್ಸಿನ ಬೈಂಡರ್. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಪ್ರೆಸ್ ಶುರು ಮಾಡಿದ ದಿನದಿಂದ ಜೊತೆಗಿದ್ದವರು. 'ನಮ್ಮ ಹುಡುಗ, ಕಟ್ತಾನೆ' ಎಂದು ಓದದೇ ಸಹಿ ಮಾಡಿದ್ದರು. ಬ್ಯಾಂಕ್ ಸಾಲಕ್ಕೆ ಸಹಿ ಹಾಕಿದ್ದವಳು ನನ್ನ ಮಗಳ ತಾಯಿ. ನಾನು ಪಾಪರ್ ಎಂದು ಕೈ ಎತ್ತಿದ ಮರುದಿನ ವಸೂಲಿಯವರು ಈ ಎರಡು ಬಾಗಿಲಿಗೆ ಹೋಗುತ್ತಿದ್ದರು. ಒಂದು ಬಾಗಿಲು ನನ್ನ ಮಗಳು ತೆರೆಯುತ್ತಿದ್ದಳು.

ಇದು ದಿವಾಳಿಯಲ್ಲ ಗೆಳೆಯರೇ, ದ್ರೋಹ.

ನಾನು ಅರ್ಜಿ ಹಾಕಲಿಲ್ಲ. ಬ್ಯಾಂಕಿಗೆ ಹೋಗಿ ಕನ್ನಡದಲ್ಲೇ ಅರ್ಜಿ ಬರೆದುಕೊಟ್ಟೆ. ಅವರ ಒಪ್ಪಿಗೆ ಪಡೆದು ಮಿಷನ್ ಮಾರಿದೆ, 8 ಲಕ್ಷ ಬಂತು. ಉಳಿದ ಆರಕ್ಕೆ ಒಂದೇ ಬಾರಿ ತೀರುವಳಿ ಎಂದು ನಾಲ್ಕಕ್ಕೆ ಇಳಿಸಿ ಮುಗಿಸಿದರು. ಅದಕ್ಕೆ ಸೈಟು ಹೋಯಿತು. ಆರೂವರೆಗೆ ಹೋದ ಸೈಟಿನಲ್ಲಿ ಮಿಕ್ಕ ಎರಡೂವರೆ ಲಕ್ಷದಿಂದ ಕೈಸಾಲ ತೀರಿಸಿದೆ. ಪೇಪರ್ ಅಂಗಡಿಯವರಿಗೂ ಚೀಟಿಗೂ ಸೇರಿಸಿ ತಿಂಗಳಿಗೆ ಹತ್ತು ಸಾವಿರ ಕಟ್ಟುತ್ತಿದ್ದೇನೆ. ಹೀಗೆ ಕಡಿಮೆಗೆ ತೀರಿಸಿದರೆ ಸಿಬಿಲ್‌ನಲ್ಲಿ 'ಸೆಟಲ್ಡ್' ಎಂದು ಬೀಳುತ್ತದೆ, ಹೊಸ ಸಾಲ ಹುಟ್ಟುವುದು ಕಷ್ಟ. ಬೀಳಲಿ! ಈಗ ನನ್ನ ಬಳಿ ಒಂದು ಕಂಪ್ಯೂಟರು, ಕಟಿಂಗ್ ಮಿಷನ್ನು, ಆ ಬೈಂಡರ್ ಅಣ್ಣ ಇದ್ದಾರೆ. ಡಿಟಿಪಿ ಇಲ್ಲಿ, ಅಚ್ಚು ಬೇರೆಯವರ ಪ್ರೆಸ್ಸಿನಲ್ಲಿ. ಮಗಳ ಎಂಟು ಸಾವಿರ ಒಂದು ತಿಂಗಳೂ ತಪ್ಪಿಲ್ಲ.

ಹಾಗಾದರೆ ಯಾರೂ ಹಾಕಬಾರದೇ?

ಹಾಗಲ್ಲ! ಇದನ್ನು ಸರಿಯಾಗಿ ಕೇಳಿ. ನನಗೆ ಮಾರಲು ಸೈಟಿತ್ತು. ನಿಮಗೆ ಅದೂ ಇಲ್ಲದಿರಬಹುದು. ಸಾಲ ನಿಮ್ಮೊಬ್ಬರದೇ, ಜಾಮೀನಿಗೆ ಯಾರೂ ಇಲ್ಲ, ಅಡವಿಟ್ಟದ್ದು ಏನೂ ಉಳಿದಿಲ್ಲ, ಈ ಜನ್ಮದಲ್ಲಿ ತೀರುವ ಮೊತ್ತವಲ್ಲ, ನೀವು ಯಾರಿಗೂ ಮೋಸ ಮಾಡಿಲ್ಲ ಎಂದಾದರೆ, ಧೈರ್ಯವಾಗಿ ವಕೀಲರ ಬಳಿ ಹೋಗಿ, ದಿವಾಳಿ ಅರ್ಜಿಯ ಬಗ್ಗೆ ಕೇಳಿ. ಅದು ಕಾನೂನು ಕೊಟ್ಟ ಹಕ್ಕು. ಅದರಲ್ಲಿ ನಾಚಿಕೆ ಏನೂ ಇಲ್ಲ. ಸಾಲ ತೀರಿಸಲಾಗದ್ದಕ್ಕೆ ಜೈಲಿಗೆ ಹಾಕುತ್ತಾರೆ ಎಂಬ ಭಯವೂ ಬೇಡ. ಶಕ್ತಿಯಿದ್ದೂ ಕೊಡದವನಿಗೆ ಮಾತ್ರ ಸಿವಿಲ್ ಜೈಲು, ಬಡತನಕ್ಕೆ ಜೈಲಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಆದೇಶ ಮಾಡಿದೆ. ಕಿರು ಸಾಲದ ಹೆಸರಿನಲ್ಲಿ ಪೀಡಿಸುವವರ ವಿರುದ್ಧ ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅಷ್ಟು ಹೊತ್ತಿಗೆ ಎಷ್ಟು ಮನೆಗಳ ದೀಪ ಆರಿದ್ದವು!

ಸಾಲಕ್ಕೆ ಹಗ್ಗ ಹುಡುಕಬೇಡಿ. ರಾತ್ರಿ ಹೊತ್ತು ತಲೆ ಕೆಟ್ಟರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ನೆರವು ಉಚಿತ.

ಆದರೆ ಸರ್ಕಾರಕ್ಕೆ ಒಂದು ಮಾತು. ಸಾವಿರಾರು ಕೋಟಿ ಮುಳುಗಿಸಿದ ಕಂಪನಿಗಳಿಗೆ 2016ರ ಹೊಸ ಸಂಹಿತೆ ಬಂತು. ಕಂಪನಿ ಕೈ ಬದಲಾಗುತ್ತದೆ, ಬ್ಯಾಂಕುಗಳು ಸಾಲದ ದೊಡ್ಡ ಪಾಲು ಬಿಟ್ಟುಕೊಟ್ಟು ಲೆಕ್ಕ ಮುಗಿಸುತ್ತವೆ. ಅದೇ ಸಂಹಿತೆಯಲ್ಲಿ ವ್ಯಕ್ತಿಗಳ ದಿವಾಳಿಗೂ ಒಂದು ಭಾಗವಿದೆ. ತೀರಾ ಬಡವರಿಗೆ, ಅಂದರೆ ವರ್ಷದ ಆದಾಯ 60 ಸಾವಿರ, ಆಸ್ತಿ 20 ಸಾವಿರ, ಸಾಲ 35 ಸಾವಿರ ಮೀರದವರಿಗೆ ಹೊಸದಾಗಿ ಬದುಕು ಶುರು ಮಾಡುವ ದಾರಿಯನ್ನೂ ಬರೆದಿದ್ದಾರೆ. ಬರೆದದ್ದಷ್ಟೇ! 2019ರ ಡಿಸೆಂಬರ್ 1ರಿಂದ ಆ ಭಾಗವನ್ನು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿ ಮಾಡಿದರು. ಉಳಿದ ನಾವು 1920ರಲ್ಲೇ ಇದ್ದೇವೆ. ಆ ಕಾಯ್ದೆಯ ಪ್ರಕಾರ, ಬಿಡುಗಡೆಯಾಗದ ದಿವಾಳಿಯು ತಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಸಾಲ ಪಡೆದರೆ ಆರು ತಿಂಗಳವರೆಗೆ ಜೈಲು. ಇವತ್ತು 50 ರೂಪಾಯಿಗೆ ಮಸಾಲೆ ದೋಸೆಯೇ ಕಷ್ಟ ಸ್ವಾಮಿ! ನೂರು ವರ್ಷ ಹಳೆಯ ಕಾನೂನಿನಲ್ಲಿ ಬಡವ ಮಾನ ಉಳಿಸಿಕೊಳ್ಳಬೇಕೇ? ಎಲ್ಲರಿಗೂ ಹೊಸ ಭಾಗ ಜಾರಿಯಾಗಬೇಕು ಎಂದು ಕೇಳುವುದು ಭಿಕ್ಷೆಯಲ್ಲ, ನ್ಯಾಯ.

ಕೊನೆಯದಾಗಿ ನಿಮಗೆ. ನಾನು ಸಹಿ ಹಾಕಿದ ಸಾಲಪತ್ರ ಮೂವತ್ತು ಪುಟ, ಪೂರಾ ಇಂಗ್ಲಿಷು. ದಿನವಿಡೀ ಇನ್ನೊಬ್ಬರ ಕರಡು ತಿದ್ದುವ ನಾನು ನನ್ನ ಕೊರಳಿಗೆ ಬೀಳುವ ಕಾಗದವನ್ನು ಓದಲಿಲ್ಲ. ಈಗ ನಿಮಗೆ ಆ ನೆಪವೂ ಇಲ್ಲ. ಬಡ್ಡಿ, ಶುಲ್ಕ, ಕಂತು ಎಲ್ಲವನ್ನೂ ಸಾಲ ಪಡೆಯುವವನಿಗೆ ಅರ್ಥವಾಗುವ ಭಾಷೆಯಲ್ಲಿ ಮುಂಚೆಯೇ ಬರೆದುಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳಿ. ಕೊಡುವವರೆಗೆ ಸಹಿ ಹಾಕಬೇಡಿ.

ಮದುವೆ ಮುರಿಯುವ ಹಂತಕ್ಕೆ ಬಂದಿದೆಯೇ? ಡಿವೋರ್ಸ್ ಅರ್ಜಿಗೆ ಮುಂಚೆ ಇಬ್ಬರೂ ಒಂದು ಹಾಳೆ ಇಟ್ಟುಕೊಂಡು ಯಾವ ಸಾಲದಲ್ಲಿ ಯಾರ ಸಹಿ ಇದೆ, ಯಾರ ಜಾಮೀನಿದೆ ಎಂದು ಬರೆಯಿರಿ. ತಂಗಿಯರೇ, ಒಪ್ಪಂದದಲ್ಲಿ 'ಗಂಡ ತೀರಿಸುತ್ತಾನೆ' ಎಂದು ಬರೆಸಿಕೊಂಡು ಸುಮ್ಮನಾಗಬೇಡಿ. ಬ್ಯಾಂಕಿನಿಂದ ನಿಮ್ಮ ಹೆಸರು ತೆಗೆದ ಕಾಗದ ಕೈಗೆ ಬರುವವರೆಗೆ ಬಿಡಬೇಡಿ. ಜೀವನಾಂಶ ಕೇಳುವ ಕೇಸುಗಳಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಕೊಡಲೇಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದನ್ನು ಕೇಳಿ ಪಡೆಯಿರಿ. ತಮ್ಮಂದಿರೇ, ಆ ಪ್ರಮಾಣಪತ್ರದಲ್ಲಿ ಸುಳ್ಳು ಬರೆಯಬೇಡಿ.

ಮೊನ್ನೆ ಮಗಳು ಪ್ರೆಸ್ಸಿಗೆ ಬಂದಿದ್ದಳು. ಮಿಷನ್ ಇದ್ದ ಜಾಗ ಖಾಲಿಯಿತ್ತು. 'ಅಪ್ಪಾ, ಅದೆಲ್ಲಿ ಹೋಯ್ತು?' ಎಂದಳು. 'ಮಾರಿದೆ ಮಗಾ, ಸಾಲ ಇತ್ತು' ಎಂದೆ. ಬೈಂಡರ್ ಅಣ್ಣ ಅವಳ ನೋಟ್ ಬುಕ್ಕಿಗೆ ರಟ್ಟು ಹಾಕಿಕೊಡುತ್ತಿದ್ದರು. ಅವರ ಮುಖವನ್ನೂ ನನ್ನ ಮಗಳ ಮುಖವನ್ನೂ ನಾನು ನೇರವಾಗಿ ನೋಡಬಲ್ಲೆ.

ನೀವು ಅರ್ಜಿ ಹಾಕುವುದೋ ಬಿಡುವುದೋ, ಅದು ನಿಮ್ಮ ಲೆಕ್ಕ. ಆದರೆ ಹಾಕುವ ಮುಂಚೆ ಇಷ್ಟು ಕೇಳಿಕೊಳ್ಳಿ: ನಾನು ಕೈ ಎತ್ತಿದರೆ ಆ ಭಾರ ಯಾರ ತಲೆಯ ಮೇಲೆ ಬೀಳುತ್ತದೆ?