ನೆಪೋಲಿಯನ್ ಪತ್ರ ಸಿಕ್ಕಿಬಿದ್ದದ್ದರಿಂದಲೇ ಟಿಪ್ಪು ಮೇಲೆ ಯುದ್ಧವಾಯಿತೇ?

ಪಹಲ್ಗಾಮ್ ದಾಳಿಯ ಬೆನ್ನಲ್ಲೇ, 2025ರ ಏಪ್ರಿಲ್ 26ರಂದು, ಸೇನೆಯ ಚಲನವಲನ ನೇರಪ್ರಸಾರ ಮಾಡಬೇಡಿ ಎಂದು ಕೇಂದ್ರ ವಾರ್ತಾ ಸಚಿವಾಲಯ ಸೂಚಿಸಿತು. ಸೂಚನೆ ಟಿವಿಯವರಿಗೆ ಮಾತ್ರವಲ್ಲ, ಸೋಶಿಯಲ್ ಮೀಡಿಯಾ ಬಳಸುವ ನಮ್ಮ ಹುಡುಗರಿಗೂ ಇತ್ತು. 26/11ರಲ್ಲಿ ದಾಳಿಕೋರರ ಫೋನನ್ನು ನಮ್ಮವರು ಕದ್ದು ಕೇಳುತ್ತಿದ್ದರು, ಅತ್ತ ಪಾಕಿಸ್ತಾನದಲ್ಲಿ ಕೂತವರು ನಮ್ಮ ಟಿವಿ ನೋಡಿಕೊಂಡೇ ಅವರಿಗೆ ದಾರಿ ಹೇಳುತ್ತಿದ್ದರು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಾನೆಲ್‌ಗಳನ್ನು ಕಟುವಾಗಿ ಟೀಕಿಸಿತು.

ಕೋಡ್ ಒಡೆಯದೆಯೇ ಗುಟ್ಟು ಸಿಗುವುದು ಹೊಸತಲ್ಲ. ನೆಪೋಲಿಯನ್ ಪತ್ರ ಬ್ರಿಟಿಷರ ಕೈಗೆ ಸಿಕ್ಕಿದ್ದಕ್ಕೇ ಟಿಪ್ಪು ಸುಲ್ತಾನರ ಮೇಲೆ ಯುದ್ಧವಾಯಿತು ಅಂತ ಹಲವರು ಹೇಳ್ತಾರೆ. ಸ್ವಲ್ಪ ತಾರೀಕು ನೋಡಿ. ನೆಪೋಲಿಯನ್ ಕೈರೋದಿಂದ ಬರೆದದ್ದು 1799ರ ಜನವರಿ 25ಕ್ಕೆ. ಮಕ್ಕಾದ ಶರೀಫರ ಮೂಲಕ ಹೋಗಬೇಕಿದ್ದ ಆ ಪತ್ರ ಜಿದ್ದಾಕ್ಕೆ ಬಂದದ್ದು ಫೆಬ್ರವರಿ ನಡುವಿನಲ್ಲಿ, ಅಲ್ಲಿ ಅದು ಇಂಗ್ಲಿಷರ ಪಾಲಾಯಿತು. ವೆಲ್ಲೆಸ್ಲಿ ಮದರಾಸಿನಲ್ಲಿ ಯುದ್ಧ ಘೋಷಿಸಿದ್ದು ಫೆಬ್ರವರಿ 22ಕ್ಕೆ. ಹಾಯಿಹಡಗಿನ ಕಾಲದಲ್ಲಿ ಅಷ್ಟು ಬೇಗ ಸುದ್ದಿ ಮುಟ್ಟಲು ಸಾಧ್ಯವೇ?

ನಿಜವಾದ ನೆಪ ಒಂದು ವರ್ಷ ಹಳೆಯದು. ಟಿಪ್ಪುವಿನ ದೂತರು ಮಾರಿಷಸ್‌ಗೆ ಗುಟ್ಟಾಗಿ ಹೋಗಿ ಸಹಾಯ ಕೇಳಿದರೆ, ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್ 1798ರ ಜನವರಿಯಲ್ಲಿ ಅದನ್ನು ಬಹಿರಂಗ ಪ್ರಕಟಣೆ ಮಾಡಿಬಿಟ್ಟ! ಜೂನ್‌ನಲ್ಲಿ ಅದು ಕಲ್ಕತ್ತಾದ ಪೇಪರಿನಲ್ಲೇ ಬಂತು. ಏಪ್ರಿಲ್‌ನಲ್ಲಿ ನಮ್ಮ ಮಂಗಳೂರಿಗೆ ಬಂದಿಳಿದವರೋ, ಸುಮಾರು ನೂರು ಮಂದಿ. ಅದನ್ನೇ ದೊಡ್ಡ ಸೈನ್ಯದಂತೆ ತೋರಿಸಲಾಯಿತು. ಪುರಾವೆ ಎಷ್ಟಿತ್ತು ಎನ್ನುವುದಕ್ಕಿಂತ ಅದನ್ನು ಓದಿದವನಿಗೆ ಏನು ಬೇಕಿತ್ತು ಎನ್ನುವುದೇ ಇಲ್ಲಿ ಮುಖ್ಯವಾಯಿತು.

ಆಸ್ಪರಿ, ಆದೋನಿ ಕಡೆಯವರಿಗೆ ಇದು ಮನೆಯದೇ ಕಥೆ. 1786ರಲ್ಲಿ ಟಿಪ್ಪು ನಿಜಾಮನ ಕಡೆಯವರಿಂದ ಆದೋನಿ ಕೋಟೆ ಗೆದ್ದಿದ್ದರು. 1800ರಲ್ಲಿ ನಿಜಾಮ ಆ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಮುಂದೆ 1953ರವರೆಗೂ ಅದು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ಮುತ್ತಿಗೆಯ ಕಾಲದಲ್ಲಿ ಟಿಪ್ಪು ಫಾರ್ಸಿಯಲ್ಲಿ ಬರೆಸಿದ ಹುಕುಂಗಳ ಗತಿ ಏನಾಯಿತು? ಶ್ರೀರಂಗಪಟ್ಟಣ ಬಿದ್ದಾಗ ದಫ್ತರವೇ ಇಂಗ್ಲಿಷರಿಗೆ ಸಿಕ್ಕಿತು. 1811ರಲ್ಲಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅದರಿಂದ ಆಯ್ದ ಪತ್ರಗಳನ್ನು ಇಂಗ್ಲಿಷಿಗೆ ತಂದ. ಯಾವ ಪತ್ರ ಇರಬೇಕು, ಯಾವುದು ಬೇಡ ಎಂಬ ತೀರ್ಮಾನ ಅವನದೇ. ಸುಲ್ತಾನರನ್ನು ಕ್ರೂರಿ, ಮತಾಂಧ ಎನ್ನುವ ಟಿಪ್ಪಣಿಯೂ ಅವನದೇ. ಟಿಪ್ಪು ಜಯಂತಿ ಜಗಳ ಎದ್ದಾಗ ಈಗಲೂ ಆ ಪುಸ್ತಕ ಹೊರಬರುತ್ತದೆ.